ನಿನ್ನೆ ರಾತ್ರಿಯಿಂದ ಮೇವು ಮುಟ್ಟದ ಮೊಲ

ವಿಜಯಪುರದ ಬಿಸಿಲಿನಲ್ಲಿ ನಿಮ್ಮ ಮೊಲವು ನಿನ್ನೆ ರಾತ್ರಿಯಿಂದ ಏನನ್ನೂ ತಿಂದಿಲ್ಲ, ಹಿಕ್ಕೆಯೂ ಬಹಳ ಸಣ್ಣದಾಗಿದೆ ಎಂದು ಬರೆದಿದ್ದೀರಿ. ದಯವಿಟ್ಟು ನಾಳೆಯವರೆಗೆ ಕಾಯದೆ ಇಂದೇ ಪಶುವೈದ್ಯರಿಗೆ ತೋರಿಸಿರಿ; ಮೊಲವು 12 ಗಂಟೆ ಉಪವಾಸವಿದ್ದರೂ ಕರುಳಿನ ಚಲನೆ ನಿಧಾನವಾಗಿ, ಗ್ಯಾಸ್ ತುಂಬಿ, ಆ ನೋವಿನಿಂದಲೇ ಅದು ಮತ್ತಷ್ಟು ಮೇವು ಬಿಡುತ್ತದೆ. ಕಾರಣ ಸೆಕೆಯೂ ಇರಬಹುದು, ಆದರೆ ನೀವು ದಿನವೂ ಕೊಡುವ ಗಜ್ಜರಿ ಮತ್ತು ನೆನೆಸಿದ ಕಡಲೆಯ ಮೇಲೆಯೇ ನನಗೆ ಹೆಚ್ಚು ಸಂಶಯ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುವುದರಿಂದ, ನಾರಿನ ಹುಲ್ಲನ್ನು ಅಗಿದು ಸವೆಸದಿದ್ದರೆ ದವಡೆಹಲ್ಲಿನ ಅಂಚು ಚೂಪಾಗಿ ನಾಲಿಗೆಯನ್ನು ಗಾಯಗೊಳಿಸುತ್ತದೆ. ಇದು ಹೊರಗಿನಿಂದ ಕಾಣಿಸದು, ಆದ್ದರಿಂದ ಬಾಯೊಳಗೂ ಪರೀಕ್ಷಿಸುವಂತೆ ನೀವೇ ಕೇಳಿರಿ. ಅಲ್ಲಿಯವರೆಗೆ ತಂಪಾದ ಜಾಗದಲ್ಲಿ ನೀರು ಮತ್ತು ಒಣ ಕರಕಿ ಹುಲ್ಲನ್ನು ಎದುರಿಗೆ ಇಟ್ಟಿರಿ.