ವೈಫೈ ಬಿಡಿ, ಕೇಬಲ್ ಕಟ್ಟಿ

ಕಾಸರಗೋಡಿನ ಕಾಲೇಜಿನಲ್ಲಿ ನೀರೊಳಗಿನ ರೋಬೋಟ್ ಕ್ಲಬ್ ಶುರು ಮಾಡ್ತಿದ್ದೇವೆ, ವೈಫೈಯಲ್ಲಿ ಓಡಿಸಿ ಚಂದ್ರಗಿರಿ ಹೊಳೆಗೆ ಬಿಡಬಹುದಾ ಅಂತ ಕೇಳಿದ್ದೀರಿ. ವೈಫೈ ಆಗುವುದಿಲ್ಲ. ನೀರು ರೇಡಿಯೋ ಅಲೆಯನ್ನು ಹೀರಿಕೊಳ್ಳುತ್ತದೆ, ಉಪ್ಪು ನೀರಿನಲ್ಲಿ ಇನ್ನೂ ಜಾಸ್ತಿ, ರೋಬೋಟ್ ಮುಳುಗಿದ ಕೂಡಲೇ ಸಂಪರ್ಕ ಹೋಗುತ್ತದೆ. ಜಿಪಿಎಸ್ ಕೂಡ ಅಷ್ಟೇ. ಮೊದಲ ರೋಬೋಟಿಗೆ ಕೇಬಲ್ ಕಟ್ಟಿ, ಅದರಲ್ಲೇ ಕ್ಯಾಮೆರಾ ಚಿತ್ರವೂ ಬರಲಿ, ಸಿಕ್ಕಿಬಿದ್ದರೆ ಎಳೆದುಕೊಳ್ಳಲಿಕ್ಕೂ ಆಗುತ್ತದೆ.

ಹೆಚ್ಚಿನವರು ಎಡವುವುದು ತೇಲುವಿಕೆಯಲ್ಲಿ. ಸಿಹಿನೀರು ಲೀಟರಿಗೆ ಸುಮಾರು 1 ಕೆಜಿ, ಸಮುದ್ರದ ನೀರು ಸುಮಾರು 1.025 ಕೆಜಿ. ಕೆರೆಯಲ್ಲಿ ತೇಲದೆ ಮುಳುಗದೆ ನಿಲ್ಲುವ 20 ಕೆಜಿಯ ರೋಬೋಟನ್ನು ಕಡಲಿಗೆ ಒಯ್ದರೆ ಅರ್ಧ ಕೆಜಿ ತೂಕ ಸೇರಿಸಬೇಕು, ಇಲ್ಲದಿದ್ದರೆ ಮೇಲೇ ತೇಲುತ್ತದೆ. ಚಂದ್ರಗಿರಿಯ ಅಳಿವೆಯಲ್ಲಿ ಭರತ ಇಳಿತಕ್ಕೆ ತಕ್ಕ ಹಾಗೆ ಉಪ್ಪು ಬದಲಾಗುತ್ತಲೇ ಇರುತ್ತದೆ, ಬೆಳಿಗ್ಗೆ ಸರಿಮಾಡಿದ ತೂಕ ಮಧ್ಯಾಹ್ನಕ್ಕೆ ಸರಿಹೋಗದೇ ಇರಬಹುದು. ತೂಕ ಸುಲಭವಾಗಿ ಹಾಕಿ ತೆಗೆಯುವಂತೆ ಚೌಕಟ್ಟು ಮಾಡಿ.

ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಒತ್ತುವಷ್ಟು, ಒತ್ತಡ ಏರುತ್ತದೆ. ಎಲೆಕ್ಟ್ರಾನಿಕ್ಸ್ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದು ರಾತ್ರಿ ಮುಳುಗಿಸಿ, ಒಳಗೆ ಟಿಶ್ಯೂ ಪೇಪರ್ ಇಟ್ಟು ಸೋರುತ್ತದಾ ನೋಡಿ. ಬ್ರಷ್‌ಲೆಸ್ ಮೋಟರ್ (ಒಳಗೆ ಉಜ್ಜುವ ಕಾರ್ಬನ್ ಬ್ರಷ್ ಇಲ್ಲದ್ದು) ನೀರಿನಲ್ಲೇ ಓಡುತ್ತದೆ, ಆದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ.

ಮಳೆಗಾಲದಲ್ಲಿ ಹೊಳೆಗೆ ಇಳಿಸಲೇಬೇಡಿ. ಸೆಳೆತ ಜಾಸ್ತಿ, ಕೆಂಪು ನೀರಿನಲ್ಲಿ ಕ್ಯಾಮೆರಾಕ್ಕೆ ಏನೂ ಕಾಣದು. ಅಷ್ಟರವರೆಗೆ ಟ್ಯಾಂಕಿಯಲ್ಲೇ ಕಲಿಯಿರಿ. ವಿದ್ಯಾರ್ಥಿಗಳು ಆರ್‌ಒವಿ, ಅಂದರೆ ದೂರದಿಂದ ಓಡಿಸುವ ನೀರೊಳಗಿನ ರೋಬೋಟ್, ಕಟ್ಟಿ ಸ್ಪರ್ಧಿಸುವ ಅಮೆರಿಕದ ಮೇಟ್ ಆರ್‌ಒವಿ ಸ್ಪರ್ಧೆಯ ಕೈಪಿಡಿ ಉಚಿತವಾಗಿ ಸಿಗುತ್ತದೆ, ಅದರ ಸುರಕ್ಷತೆಯ ಭಾಗವನ್ನು ಎಲ್ಲರೂ ಓದಲೇಬೇಕು. ಪೆಟ್ಟಿಗೆಯ ಅಳತೆ ಬರೆದು ಕಳಿಸಿ, ತೇಲುವ ಲೆಕ್ಕ ಒಟ್ಟಿಗೆ ಮಾಡೋಣ.