ವಿಜ್ಞಾನ ಪ್ರಶ್ನೋತ್ತರ: ಕಿಣ್ವವೆಲ್ಲ ಪ್ರೋಟೀನೇ?

ಪ್ರಶ್ನೆ: ಗೈಡ್‌ನಲ್ಲಿ ‘ಕಿಣ್ವಗಳೆಲ್ಲ ಪ್ರೋಟೀನ್‌ಗಳು’ ಎಂದಿದೆ. ನಮ್ಮ ಉಪನ್ಯಾಸಕರು ‘ಎಲ್ಲವೂ ಅಲ್ಲ’ ಎನ್ನುತ್ತಾರೆ. ಯಾವುದು ಸರಿ? ಪ್ರೋಟೀನೆಲ್ಲ ಕಿಣ್ವವೇ?
– ಪಿಯು ವಿದ್ಯಾರ್ಥಿನಿ, ಸಾಗರ

ಉತ್ತರ: ಉಪನ್ಯಾಸಕರು ಹೇಳಿದ್ದೇ ಸರಿ. ಕಿಣ್ವ (ಎನ್‌ಜೈಮ್) ಎಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಪರೀಕ್ಷೆಯಲ್ಲಿ ‘ಬಹುತೇಕ ಕಿಣ್ವಗಳು ಪ್ರೋಟೀನ್‌ಗಳು’ ಎಂದು ಬರೆಯಿರಿ. ‘ಬಹುತೇಕ’ ಬಿಟ್ಟರೆ ವಾಕ್ಯವೇ ತಪ್ಪಾಗುತ್ತದೆ. ಕಿಣ್ವವೊಂದು ಪ್ರೋಟೀನ್ ಎಂದು ಮೊದಲು ತೋರಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. 1926ರಲ್ಲಿ ಅವರು ಜಾಕ್ ಬೀನ್ ಎಂಬ ಅವರೆಜಾತಿಯ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿ ಬೇರ್ಪಡಿಸಿದರು. ದೊಡ್ಡ ವಿಜ್ಞಾನಿಗಳೇ ನಂಬಲಿಲ್ಲ. ನೊಬೆಲ್ ಸಿಕ್ಕಿದ್ದು 1946ರಲ್ಲಿ. 1982ರಲ್ಲಿ ಥಾಮಸ್ ಚೆಕ್ ತಂಡವು ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವುದನ್ನು ಕಂಡಿತು. ಅಲ್ಲಿ ಪ್ರೋಟೀನಿನ ನೆರವೇ ಇರಲಿಲ್ಲ. ಹೀಗೆ ಕಿಣ್ವದ ಕೆಲಸ ಮಾಡುವ ಆರ್‌ಎನ್‌ಎಗಳೇ ರೈಬೋಜೈಮ್‌ಗಳು; ಅವು ಪ್ರೋಟೀನ್‌ಗಳಲ್ಲ.

ತಿರುಗಿಸಿ ಹೇಳಿದರಂತೂ ಸುಳ್ಳೇ. ಹಿಮೋಗ್ಲೋಬಿನ್ ಆಮ್ಲಜನಕ ಹೊರುತ್ತದೆ, ಕೆರಾಟಿನ್ ಕೂದಲಾಗುತ್ತದೆ. ಇವು ಪ್ರೋಟೀನ್‌ಗಳು, ಆದರೆ ಕಿಣ್ವಗಳಲ್ಲ. ಸ್ನಾಯುವಿನ ಮಯೋಸಿನ್ ಎರಡೂ ಕಡೆ ಸಲ್ಲುತ್ತದೆ: ಎಳೆಯಾಗಿ ಎಳೆಯುತ್ತದೆ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವನ್ನೂ ಕಿಣ್ವವಾಗಿ ಒಡೆಯುತ್ತದೆ.

ಪ್ರಶ್ನೆ: ಕಿಣ್ವಕ್ಕೆ ಪ್ರೋಟೀನಿನ ಗುಣವಿದೆ ಎಂದು ಹೈಸ್ಕೂಲಿನಲ್ಲಿ ತೋರಿಸುವುದು ಹೇಗೆ? ನಮ್ಮಲ್ಲಿ ರಾಸಾಯನಿಕಗಳಿಲ್ಲ.
– ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಹುರುಳಿ, ಯೂರಿಯಾ ಗೊಬ್ಬರ, ಅರಿಸಿನ ಇದ್ದರೆ ಆಯಿತು. ಹುರುಳಿಯಲ್ಲೂ ಯೂರಿಯೇಸ್ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುತ್ತದೆ. ಅಮೋನಿಯಾ ಕ್ಷಾರವಾದ್ದರಿಂದ ಅರಿಸಿನದ ಕಾಗದ ಕೆಂಪಾಗುತ್ತದೆ.

ಅರಿಸಿನವನ್ನು ನೀರಲ್ಲಿ ಕಲಸಿ ಸೋಸು ಕಾಗದಕ್ಕೆ ಬಳಿದು ಒಣಗಿಸಿ. ಎರಡು ಚಮಚ ಹಸಿ ಹುರುಳಿಯನ್ನು ನುಣ್ಣಗೆ ಪುಡಿಮಾಡಿ 100 ಮಿ.ಲೀ. ನೀರಿಗೆ ಕಲಸಿ, ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಅರ್ಧ ಭಾಗವನ್ನು 10 ನಿಮಿಷ ಕುದಿಸಿ ಪೂರ್ತಿ ಆರಿಸಿ. ಇನ್ನೊಂದು 100 ಮಿ.ಲೀ. ನೀರಲ್ಲಿ ಒಂದು ಚಮಚ ಯೂರಿಯಾ ಕರಗಿಸಿ. ಮೂರು ಗಾಜಿನ ಲೋಟಗಳಿಗೆ ತಲಾ 20 ಮಿ.ಲೀ. ಯೂರಿಯಾ ನೀರು ಹಾಕಿ. ಒಂದಕ್ಕೆ 20 ಮಿ.ಲೀ. ಹಸಿ ರಸ, ಒಂದಕ್ಕೆ ಅಷ್ಟೇ ಕುದಿಸಿದ ರಸ, ಮೂರನೆಯದಕ್ಕೆ ಬರೀ ನೀರು. ಮುಚ್ಚಿಡಿ. ಆಗಾಗ ಕಾಗದ ಅದ್ದಿ ನೋಡಿ. ಹಸಿ ರಸದ ಲೋಟದಲ್ಲಿ ಕಾಗದ ಇಟ್ಟಿಗೆ ಕೆಂಪಾಗುತ್ತದೆ, ಮುಚ್ಚಳ ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಉಳಿದೆರಡರಲ್ಲಿ ಹಳದಿ ಹಳದಿಯೇ.

ಪ್ರೋಟೀನ್ ಎಂದರೆ ಮಡಿಚಿಕೊಂಡ ಅಮೈನೊ ಆಮ್ಲಗಳ ಸರಪಳಿ. ಕುದಿಸಿದಾಗ ಆ ಸರಪಳಿ ತುಂಡಾಗಲಿಲ್ಲ, ಅದರ ಮಡಿಕೆ ಬಿಚ್ಚಿಹೋಯಿತು. ಯೂರಿಯಾ ಬಂದು ಕೂರುವ ಜಾಗ ಆ ಮಡಿಕೆಯಿಂದಲೇ ಆದದ್ದು. ಮಕ್ಕಳಿಗೆ ಇದನ್ನು ಬಿಡದೆ ಹೇಳಿ, ಪಾಠದ ತಿರುಳೇ ಇದು. ಆ ಜಾಗದಲ್ಲಿ ಎರಡು ನಿಕಲ್ ಅಯಾನುಗಳೂ ಇರಬೇಕು. ಅವಿಲ್ಲದಿದ್ದರೆ ಪ್ರೋಟೀನ್ ಇದ್ದೂ ಯೂರಿಯಾ ಒಡೆಯದು.

ಕೆಡುವುದು ಎಲ್ಲಿ? ಹುರಿದ ಹುರುಳಿಹಿಟ್ಟು ತಂದರೆ ಕಿಣ್ವ ಮೊದಲೇ ಸತ್ತಿರುತ್ತದೆ. ಲೋಟದಲ್ಲಿ ಸೋಪು ಉಳಿದಿದ್ದರೆ ಮೂರರಲ್ಲೂ ಕೆಂಪು. ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ತಾಮ್ರದ ಅಯಾನು ಯೂರಿಯೇಸನ್ನು ಕಟ್ಟಿಹಾಕುತ್ತದೆ. ಮಳೆಗಾಲದ ಥಂಡಿಯಲ್ಲಿ ಕ್ರಿಯೆ ನಿಧಾನ. ಲೋಟಗಳನ್ನು ಉಗುರುಬೆಚ್ಚಗಿನ ನೀರಲ್ಲಿಡಿ. ಪ್ರಯೋಗವಾದ ಮೇಲೆ ಎಲ್ಲವನ್ನೂ ಚೆಲ್ಲಿ, ದನಕ್ಕೆ ಇಡಬೇಡಿ.

ತೋಟದ ಮಣ್ಣಲ್ಲೂ ಯೂರಿಯೇಸ್ ಇದೆ. ಯೂರಿಯಾವನ್ನು ಮೇಲೆ ಎರಚಿ ಬಿಟ್ಟರೆ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುವುದು ಹೀಗೆಯೇ. ಮಣ್ಣು ಮುಚ್ಚಲು ಹೇಳುವುದು ಅದಕ್ಕೆ.

ಪ್ರಶ್ನೆ: ಸುಲಿದ ಹಸಿ ಅಡಿಕೆ ಬೇಯಿಸುವುದು ತಡವಾದರೆ ಕಪ್ಪಾಗುತ್ತದೆ. ಇದೂ ಕಿಣ್ವದ ಕೆಲಸವೇ?
– ಬೆಳೆಗಾರರು, ಹೊಸನಗರ

ಉತ್ತರ: ಹೌದು, ಪಾಲಿಫಿನಾಲ್ ಆಕ್ಸಿಡೇಸ್ ಎಂಬ, ತಾಮ್ರ ಹಿಡಿದ ಪ್ರೋಟೀನಿನದು. ಕತ್ತಿ ತಾಗಿದಲ್ಲಿ ಜೀವಕೋಶ ಒಡೆದು, ಅಡಿಕೆಯ ಒಗರಿನ ಅಂಶ, ಕಿಣ್ವ, ಗಾಳಿ ಮೂರೂ ಸೇರುತ್ತವೆ. ಅದಕ್ಕೇ ಗಾಯವಾದ ಜಾಗ ಮೊದಲು ಕಪ್ಪಾಗುವುದು. ಬೇಯಿಸುವುದು ಇದೊಂದಕ್ಕೇ ಅಲ್ಲ, ಆದರೆ ಬೆಂದ ಮೇಲೆ ಈ ಕಿಣ್ವ ಕೆಲಸ ಮಾಡದು. ಚೊಗರು (ಅಡಿಕೆ ಬೇಯಿಸುವ ಒಗರು ನೀರು) ಕುದಿದರಷ್ಟೇ ಸಾಲದು, ಅಡಿಕೆಯ ನಡುವಿಗೂ ಕಾವು ತಲುಪಬೇಕು. ಹಂಡೆಗೆ ಒಮ್ಮೆಲೇ ಹೆಚ್ಚು ಸುರಿದರೆ ಕುದಿ ಇಳಿದು ಒಳಗಿನ ಕಿಣ್ವ ಉಳಿದುಬಿಡುತ್ತದೆ. ಅಂದು ಸುಲಿದದ್ದನ್ನು ಅಂದೇ ಬೇಯಿಸಿ. ಆಗದಿದ್ದರೆ ಬೇಯಿಸುವವರೆಗೆ ನೀರಲ್ಲಿ ಮುಳುಗಿಸಿಡಿ, ಗಾಳಿ ತಾಗುವುದು ಕಡಿಮೆಯಾಗುತ್ತದೆ.