ಕಪ್ಪಾಗಿದ್ದು ಕತ್ತು, ಪರೀಕ್ಷೆ ಹೊಟ್ಟೆಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ರೋಗಿಗಳ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಹಾಗೆ ಬಂದ ಒಬ್ಬರಿಗೆ 58 ವರ್ಷ, ಅಡಿಕೆ ತೋಟವಿದೆ. ಮೂರ್ನಾಲ್ಕು ತಿಂಗಳಲ್ಲೇ ಕತ್ತು, ಕಂಕುಳು ಕಪ್ಪಾಗಿ ಚರ್ಮ ದಪ್ಪಗಾಗಿತ್ತು. ಕೊಳೆ ಅಂದುಕೊಂಡು ಮನೆಯಲ್ಲಿ ಸೀಗೆಪುಡಿ ಹಾಕಿ ಉಜ್ಜಿದ್ದರು. ಅಂಗೈ ಚಾಚಿ ತೋರಿಸಿದರು. ಗೆರೆಗಳು ಆಳವಾಗಿದ್ದವು, ನಡುವಿನ ಚರ್ಮ ಮಖಮಲ್ಲಿನಂತೆ ಉಬ್ಬಿತ್ತು. "ಬೆಲ್ಟಿಗೆ ಎರಡು ತೂತು ಹೊಸದಾಗಿ ಹಾಕಿಸಿದ್ದಾರೆ" ಅಂದರು ಹೆಂಡತಿ.

ಚರ್ಮದ ಡಾಕ್ಟರು ಎಂಡೋಸ್ಕೋಪಿಗೆ ಬರೆದುಕೊಟ್ಟಿದ್ದರು. ಇವರಿಗೆ ಸಿಟ್ಟು. "ತೊಂದರೆ ಚರ್ಮಕ್ಕೆ, ಹೊಟ್ಟೆಗ್ಯಾಕೆ ಪೈಪು ಮೇಡಂ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕತ್ತು ಕಪ್ಪಾದವರಲ್ಲಿ ಬಹಳಷ್ಟು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ತೂಕ ಜಾಸ್ತಿ, ಸಕ್ಕರೆ ಕಾಯಿಲೆ, ಪಿಸಿಒಎಸ್ (ಹೆಣ್ಣುಮಕ್ಕಳಿಗೆ ಬರುವ ಹಾರ್ಮೋನಿನ ತೊಂದರೆ) ಇದ್ದರೆ ಇನ್ಸುಲಿನ್ ಏರುಪೇರಾಗಿ ಹಾಗಾಗುತ್ತದೆ, ಅದೂ ನಿಧಾನಕ್ಕೆ. ಇವರದು ದಿಢೀರನೆ ಬಂದಿತ್ತು, ತೂಕ ಇಳಿಯುತ್ತಿತ್ತು, ಅಂಗೈಯೂ ಬದಲಾಗಿತ್ತು. ಈ ಮೂರೂ ಒಟ್ಟಿಗೆ ಇದ್ದರೆ ಜಠರ ನೋಡಲೇಬೇಕು. ಅಲ್ಲಿ ಕ್ಯಾನ್ಸರ್ ಗೆಡ್ಡೆ ಇದ್ದರೆ ಅದು ಬಿಡುವ ಕೆಲವು ಅಂಶಗಳು ರಕ್ತದಲ್ಲಿ ಹರಿದು ಚರ್ಮದ ಜೀವಕೋಶಗಳನ್ನು ವಿಪರೀತ ಬೆಳೆಸುತ್ತವೆ. ಇದನ್ನು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹಾಕುತ್ತಾರೆ, ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ ಅಂತಲೂ ಹೇಳಿದೆ.

ಆಮೇಲೆ ನಿಜವಾದ ಭಯ ಹೊರಬಂತು. "ಅದೇ ಅಂತ ಗೊತ್ತಾದ್ರೆ? ತೋಟ ಮಾರಬೇಕಾ?" ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಅಂದೆ. ಆ ಮಾತಿಗೆ ಅವರ ಹೆಗಲು ಸ್ವಲ್ಪ ಸಡಿಲವಾಯಿತು. ಮರುವಾರವೇ ಪರೀಕ್ಷೆಗೆ ಹೋದರು.

ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಜಠರದ ಕ್ಯಾನ್ಸರ್ ಅಂತಲೇ ಬಂತು.

ಮಗ ಒಬ್ಬನೇ ಬಂದ. "ಅಪ್ಪನಿಗೆ ಅಲ್ಸರ್ ಅಂತ ಹೇಳ್ಬಿಡೋಣ." ನಾನು ಒಪ್ಪಲಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದ, ನಿಜ. ಆದರೆ ಕೀಮೋ ಶುರುವಾದ ಮೇಲೆ ಕೂದಲು ಉದುರಿದರೆ ಏನಂತ ಹೇಳುವುದು? ಸುಳ್ಳು ಗೊತ್ತಾದ ದಿನ ಅಪ್ಪ ಯಾರನ್ನೂ ನಂಬುವುದಿಲ್ಲ. ಡಾಕ್ಟರ ಎದುರಲ್ಲೇ ಹೇಳು, ಅವರು ಕೇಳಿದಷ್ಟೇ ಹೇಳು, ಕೈ ಹಿಡಿದುಕೊಂಡಿರು ಅಂದೆ. ಹಾಗೇ ಮಾಡಿದ.

ಈಗ ಕೀಮೋ ನಡೆಯುತ್ತಿದೆ, ಆಪರೇಷನ್ ಆಮೇಲೆ. ಗೆಡ್ಡೆಗೆ ಚಿಕಿತ್ಸೆ ಫಲಿಸಿದರೆ ಕತ್ತಿನ ಕಪ್ಪೂ ಕಡಿಮೆಯಾಗಬಹುದು, ಅದಕ್ಕೆ ಬೇರೆ ಕ್ರೀಮು ಹುಡುಕಬೇಡಿ ಅಂತ ಹೇಳಿದ್ದೇನೆ. ಮುಂದಿನ ಸಲ ಹೆಂಡತಿಯ ಜೊತೆ ಮಾತ್ರ ಕೂರುತ್ತೇನೆ. ಬೆಲ್ಟಿನ ಮಾತು ಬಿಟ್ಟರೆ ಅವರು ಇಷ್ಟು ದಿನ ಏನೂ ಹೇಳಿಲ್ಲ, ತಮ್ಮ ಬಗ್ಗೆಯಂತೂ ಇಲ್ಲವೇ ಇಲ್ಲ.